ಕೆಂಪು ಗುಂಡಿಗೆ ಬೀಗ

ಕೂತಲ್ಲಿ ಕೂರುವ ಮನುಷ್ಯ ನಾನಲ್ಲ. ಹುಟ್ಟುವಾಗಲೇ ಕಾಲಿಗೆ ಚಕ್ರ ಕಟ್ಟಿಕೊಂಡು ಬಂದಿದ್ದಾನೆಂದು ಅವ್ವ ಅನ್ನುತ್ತಿದ್ದಳು. ಎಂಬತ್ತರ ದಶಕದ ನಡುವಿನಲ್ಲಿ, ರಾಯಚೂರಿನ ಆ ವರ್ಕ್‌ಶಾಪಿಗೆ ಕಬ್ಬಿಣವನ್ನು ತಿರುಗಿಸಿ ಕೊರೆಯುವ, ಕಂಪ್ಯೂಟರಿನಿಂದ ನಡೆಯುವ ಲೇತು ಬಂದ ಮೇಲಂತೂ ಉಣ್ಣುವಾಗಲೂ ನನ್ನ ಕಿವಿ ಅದರ ಸದ್ದಿನ ಮೇಲೆಯೇ ಇರುತ್ತಿತ್ತು. ಅಲ್ಲಿ ನಾನು ಎಲೆಕ್ಟ್ರಿಷಿಯನ್. ಅಪ್ಪನೂ ಅಲ್ಲೇ ಇದ್ದ. ಲೇತಿನಿಂದ ಬೀಳುವ ಕಬ್ಬಿಣದ ಸುರುಳಿಗಳನ್ನು ಎಳೆದು, ಗುಡಿಸಿ, ಬುಟ್ಟಿಗೆ ತುಂಬುವುದು ಅವನ ಕೆಲಸ. ನನ್ನ ತಳಮಳವೆಲ್ಲ ಅವನ ಸಲುವಾಗಿಯೇ.

ನಮ್ಮ ಸಾಹುಕಾರರಿಗೆ ಮಾನ್ವಿಯಲ್ಲಿ ಅಕ್ಕಿ ಮಿಲ್ಲಿತ್ತು. ಮಿಲ್ಲುಗಳಿಗೆ ಬೇಕಾದ ಶಾಫ್ಟುಗಳನ್ನು ತಾವೇ ಮಾಡಿ ಮಾರಬೇಕೆಂದು ಮುಂಬಯಿಯಿಂದ ಈ ಲೇತನ್ನು ಸೆಕೆಂಡ್ ಹ್ಯಾಂಡಿನಲ್ಲಿ ತರಿಸಿದ್ದರು. ಬರುವಾಗ ಲಾರಿಯಲ್ಲಿ ಅದರ ಮುಂದಿನ ಬಾಗಿಲು ಮುರಿದಿತ್ತು. ಹೊಸದು ಮಾಡಿಸೋಣ, ಮಾಡಿಸೋಣ ಎಂದರು, ಮಾಡಿಸಲಿಲ್ಲ. ಮೈ ಕಾಯಲು ಉಳಿದದ್ದು ಒತ್ತಿದರೆ ಯಂತ್ರ ನಿಲ್ಲುವ, ಅಣಬೆಯಂಥ ಒಂದು ಕೆಂಪು ಗುಂಡಿ. ಅದರ ವೈರಿಂಗನ್ನು ನಾನೇ ಬಿಚ್ಚಿ ಹೊಸದಾಗಿ ಕಟ್ಟಿದ್ದೆ. ಸದಾ ಹರಿಯುತ್ತಿರುವ ಕರೆಂಟನ್ನು ಕಡಿಯುವ ಗುಂಡಿ ಅದು. ಹಾಗಾಗಿ ಇಲಿ ವೈರು ಕಡಿದರೂ ಯಂತ್ರ ನಿಲ್ಲಲೇಬೇಕು. ನಿಂತದ್ದು ಗುಂಡಿ ಬಿಟ್ಟ ಮಾತ್ರಕ್ಕೆ ತಾನಾಗಿ ತಿರುಗಕೂಡದು; ಪಕ್ಕದ ಹಸಿರು ಗುಂಡಿಯನ್ನು ಯಾರಾದರೂ ಬೇಕೆಂದೇ ಒತ್ತಬೇಕು. ಇಷ್ಟು ಚೆಂದದ ಏರ್ಪಾಡಿಗೆ ಸಾಹುಕಾರರು ಬೀಗ ಹಾಕಿದರು.

ತಪ್ಪು ಅವರ ನೆಂಟರದು. ಕಂಪ್ಯೂಟರ್ ಮಷೀನು ನೋಡಲು ಮಾನ್ವಿಯಿಂದ, ದೇವದುರ್ಗದಿಂದ ಮಕ್ಕಳುಮರಿ ಕಟ್ಟಿಕೊಂಡು ಬರುವರು. ಬಂದವರೆಲ್ಲ ಆ ಕೆಂಪು ಗುಂಡಿಯನ್ನೇ ಒತ್ತುವರು. ಅರ್ಧ ಕೊರೆದ ಶಾಫ್ಟು ಗುಜರಿಗೆ ಹೋಗುವುದು. ಕೊನೆಗೊಂದು ದಿನ ಸಾಹುಕಾರರು ತಗಡಿನ ಪೆಟ್ಟಿಗೆ ಮಾಡಿಸಿ, ಗುಂಡಿಯ ಮೇಲೆ ಕೂರಿಸಿ, ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ದಸರೆಗೆ ಆ ಪೆಟ್ಟಿಗೆಗೂ ಕುಂಕುಮ, ಚೆಂಡುಹೂವು! ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಹೆಚ್ಚುಕಡಿಮೆಯಾದರೆ ಏನು ಮಾಡೋದೆಂದು ಕೇಳಿದೆ. ಕೂಗಿದರೆ ತಾವೇ ಬಂದು ತೆಗೆಯುವುದಾಗಿ ಹೇಳಿದರು. ಮನುಷ್ಯ ಕೆಟ್ಟವರಲ್ಲ. ಊಟಕ್ಕೆ ಹೋದರೆ ನಿದ್ದೆ ಮುಗಿಸಿಯೇ ಬರುತ್ತಿದ್ದರು, ಅಷ್ಟೇ.

ಬೀಗ ಬೀಳುವ ಮೊದಲೂ ಅಪ್ಪ ಆ ಗುಂಡಿಯನ್ನು ಮುಟ್ಟಿದವನಲ್ಲ. ದಿನಾ ಬೆಳಿಗ್ಗೆ ಎಲ್ಲರಿಂದ ಒಂದೊಂದು ಸಲ ಒತ್ತಿಸಿ ಯಂತ್ರ ನಿಲ್ಲುತ್ತದೋ ಇಲ್ಲವೋ ನೋಡುತ್ತಿದ್ದೆ. ಅಪ್ಪ ಮಾತ್ರ ಪೊರಕೆ ಹಿಡಿದು ಹಿಂದೆ ಸರಿಯುವನು. ಒಮ್ಮೆ ರಟ್ಟೆ ಹಿಡಿದು ಎಳೆದೆ.

"ಸಾವಕಾರ್ರ ಮಷೀನ ನಿಂದ್ರಸಾಕ ನಾ ಯಾರಲೇ? ಬ್ಯಾಡ, ಬಿಡು," ಅಂದ.

ನಮ್ಮೂರು ಅರಕೇರಾ ಬಿಟ್ಟು ಬಂದ ಹೊಸದರಲ್ಲಿ ಅವನು ಇದೇ ಸಾಹುಕಾರರ ಮಾನ್ವಿ ಮಿಲ್ಲಿನಲ್ಲಿ ಹಮಾಲಿ ಮಾಡಿದ್ದ. ಅಲ್ಲಿ ಯಂತ್ರ ನಿಲ್ಲಿಸುವುದೆಂದರೆ ಮರದ ಹಿಡಿಕೆ ಎಳೆದು, ಯಂತ್ರ ತಿರುಗಿಸುವ ಪಟ್ಟಾವನ್ನು ಪಕ್ಕದ ಖಾಲಿ ಗಾಲಿಯ ಮೇಲೆ ಸರಿಸುವುದು. ಹಿಡಿಕೆ ಹಿಡಿದುಕೊಂಡೇ ನಿಲ್ಲಬೇಕು. ಕೈ ಬಿಟ್ಟರೆ ಪಟ್ಟಾ ಜಾರಿ ಮೊದಲಿನ ಗಾಲಿಗೇ ಏರಿ ಮಿಲ್ಲು ಮತ್ತೆ ತಿರುಗುವುದು. ಯಾರದೋ ಧೋತರ ಸಿಕ್ಕಿತೆಂದು ಒಬ್ಬ ಹಮಾಲ ಹಾಗೆ ಎಳೆದು ನಿಲ್ಲಿಸಿದ. ಧೋತರದವನು ಬದುಕಿದ, ನಿಲ್ಲಿಸಿದವನನ್ನು ಆಗಿನ ಹಿರಿಯ ಸಾಹುಕಾರರು ಮರುದಿನ ಗೇಟಿನೊಳಗೆ ಬಿಡಲಿಲ್ಲ. ಅಪ್ಪ ಅದನ್ನು ಕಣ್ಣಾರೆ ಕಂಡವನು. ನಾನು ಐಟಿಐ ಮುಗಿಸಿ ಬಂದು ಎಷ್ಟು ಬಾಯಿ ಬಡಿದುಕೊಂಡರೂ ಅವನ ತಲೆಗೆ ಹೋಗಲಿಲ್ಲ. ಅವನು ಬಗ್ಗಿ ಸುರುಳಿ ಎಳೆಯುವಾಗೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಬಯ್ಯುತ್ತಿದ್ದೆ. ಅವನು ನಕ್ಕು ಬೀಡಿ ಹಚ್ಚುತ್ತಿದ್ದ.

ಉಪಾಯ ಹೊಳೆದದ್ದು ದೇವದುರ್ಗದ ಬಸ್ಸಿನಲ್ಲಿ. ಕಾಲಿಡಲು ಜಾಗವಿಲ್ಲದ ಬಸ್ಸು. ಪಾಪ, ಒಬ್ಬ ಮುದುಕಿಯ ಊರು ದಾಟಿಹೋಗುತ್ತಿತ್ತು, ಕಂಡಕ್ಟರು ಹಿಂದೆಲ್ಲೋ ಜನರ ನಡುವೆ ಸಿಕ್ಕಿಕೊಂಡಿದ್ದ. ನಮ್ಮಪ್ಪ, ಅದೇ ನಮ್ಮಪ್ಪ, ಯಾರನ್ನೂ ಕೇಳದೆ ಕೈ ಎತ್ತಿ ಮೇಲಿನ ಗಂಟೆಯ ಹಗ್ಗ ಎಳೆದುಬಿಟ್ಟ. ಬಸ್ಸು ನಿಂತಿತು. ಸರ್ಕಾರದ ಬಸ್ಸು ನಿಲ್ಲಿಸಲು ನೀನು ಯಾರೆಂದು ಕೇಳಬೇಕೆನಿಸಿ ನಾಲಿಗೆ ಕಚ್ಚಿಕೊಂಡೆ.

ಆಮೇಲೆ ನನಗೆ ನಿದ್ದೆ ಎಲ್ಲಿಯದು? ಲೇತಿನ ಮೇಲೆ, ಕೈಗೆ ಎಟಕುವ ಹಾಗೆ, ಈ ತುದಿಯಿಂದ ಆ ತುದಿಗೆ ಹಗ್ಗ ಕಟ್ಟಿದೆ. ಎಳೆದರೆ ಒಂದು ಸ್ವಿಚ್ಚು ಬಿಚ್ಚಿಕೊಂಡು, ಕೆಂಪು ಗುಂಡಿಯದೇ ಸರ್ಕಿಟ್ಟು ಕಡಿಯುವುದು. ಹಗ್ಗ ಬಿಟ್ಟರೂ ಹಸಿರು ಗುಂಡಿ ಒತ್ತುವತನಕ ಯಂತ್ರ ಅಲುಗದು. ಸಾಹುಕಾರರು ತಲೆ ಎತ್ತಿ ನೋಡಿದರು. ಹಗ್ಗಕ್ಕೆ ಯಾವ ನೆಂಟನೂ ಕೈ ಹಾಕಲಾರನೆಂದು ಒಪ್ಪಿದರು. ಅಪ್ಪನಿಗೆ, ಇದು ಬಸ್ಸಿನ ಹಗ್ಗ ಇದ್ದ ಹಾಗೆ ಎಂದು ತಿಳಿಸಿ ಹೇಳಿದೆ. ಅವನು ಅದರ ಕೆಳಗೆ ತಲೆ ಬಗ್ಗಿಸಿ ಹಾದುಹೋದ. ಮುಟ್ಟಲಿಲ್ಲ.

ಒಂದು ಮಧ್ಯಾಹ್ನ ಸಾಹುಕಾರರು ಊಟಕ್ಕೆ ಹೋಗಿದ್ದರು, ಲೇತು ನಡೆಸುವವನು ಚಹಾಕ್ಕೆ. ಲೇತು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಒಂದು ಹಂತ ಮುಗಿಸಿ ಸುಮ್ಮನಾಯಿತು. ಶಾಫ್ಟಿನ ಸುತ್ತ ಸುರುಳಿಗಳು ಜಡೆಗಟ್ಟಿದ್ದವು. ಅಪ್ಪ ಕೊಕ್ಕೆ ಹಿಡಿದು ಬರುತ್ತಿದ್ದ. ಅಷ್ಟು ಹೊತ್ತು ತಡೆಯುವ ಜೀವವೇ ನನ್ನದು? ನಾನೇ ಕೈ ಹಾಕಿದೆ. ನಿಂತಿದೆ ಎಂದುಕೊಂಡಿದ್ದೆ, ಅದರ ಪ್ರೋಗ್ರಾಮಿನಲ್ಲಿ ಇನ್ನೊಂದು ಹಂತ ಬಾಕಿಯಿತ್ತು. ತಟ್ಟನೆ ತಿರುಗಿತು. ಸುರುಳಿ ನನ್ನ ಅಂಗಿಯ ತೋಳನ್ನು ಸುತ್ತಿಕೊಂಡು ಎಳೆಯಿತು, ತೋಳಿನ ಹಿಂದೆ ಕೈ, ಕೈಯ ಹಿಂದೆ ನಾನು. ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಕಣ್ಣೆದುರು ತಗಡಿನ ಪೆಟ್ಟಿಗೆ, ಅದರ ಬೀಗ. ಅಷ್ಟರಲ್ಲಿ ಯಂತ್ರ ನಿಂತಿತು.

ಕತ್ತು ಹೊರಳಿಸಿ ನೋಡಿದರೆ ಅಪ್ಪ ಎರಡೂ ಕೈಯಿಂದ ಹಗ್ಗಕ್ಕೆ ಜೋತುಬಿದ್ದಿದ್ದ. ನನ್ನ ಮುಂಗೈ ಸೀಳಿ ರಕ್ತ ಸುರಿಯುತ್ತಿತ್ತು, ಆದರೆ ಕೈ ಇತ್ತು. ಜನ ಓಡಿ ಬಂದರು. ಒಬ್ಬನು ಕತ್ತರಿಯಿಂದ ಅಂಗಿಯನ್ನೂ ಸುರುಳಿಯನ್ನೂ ಬಿಡಿಸತೊಡಗಿದ.

"ಯಪ್ಪಾ, ಬಿಡು. ಅದು ತಿರುಗಂಗಿಲ್ಲ," ಅಂದೆ.

ಬಿಡಲಿಲ್ಲ. ನಾನು ಕಟ್ಟಿದ ಸರ್ಕಿಟ್ಟನ್ನು ಅವನು ನಂಬಲಿಲ್ಲ. ಮಾನ್ವಿಯ ಮಿಲ್ಲಿನ ಹಿಡಿಕೆಯಂತೆ ಹಗ್ಗವನ್ನು ಗಟ್ಟಿಯಾಗಿ ಹಿಡಿದೇ ನಿಂತಿದ್ದ. ಆಗ ಸುದ್ದಿ ತಿಳಿದು, ಉಡಿದಾರದ ಕೀಲಿ ತಡಕಾಡುತ್ತ ಸಾಹುಕಾರರು ಒಳಗೆ ಬಂದರು. ಅಪ್ಪನ ಮುಖ ಬಿಳುಚಿಕೊಂಡಿತು. ಜೀವಮಾನವೆಲ್ಲ ಅವರನ್ನು ಕಂಡೊಡನೆ ಕೈ ಮುಗಿದವನು. ಈಗ ಮುಗಿಯಲು ಕೈ ಖಾಲಿ ಇರಲಿಲ್ಲ. ತಲೆಯನ್ನಷ್ಟೇ ತಗ್ಗಿಸಿದ.

"ತಪ್ಪಾತ್ರೀ ಸಾವಕಾರ್ರ, ನಿಂದ್ರಸಿಬಿಟ್ಟೀನಿ. ಮಗನ ಕೈ ಹೊರಗ ಬರೋತನಕ ಬಿಡಂಗಿಲ್ರೀ."

ಅಷ್ಟು ಸಿಟ್ಟು, ಅಷ್ಟು ಅಳು ನನಗೆ ಎಂದೂ ಒಟ್ಟಿಗೆ ಬಂದಿರಲಿಲ್ಲ. ಕೈ ಹೊರಬಂದ ಮೇಲೆ, ಇನ್ನೊಂದು ಕೈಯಿಂದ, ಹಗ್ಗ ಹಿಡಿದ ಅವನ ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಬೇಕಾಯಿತು.