ಬಾಣದ ಗರಿಗೆ ಕೆಂಪು ಬಣ್ಣ

ಹಳೆಯ ಪರದೆಗೆ ಬಣ್ಣ ಹಾಕಿದ್ದೇನೆ, ಮಾಸಿದ ಸೀರೆಗೆ ಹಾಕಿದ್ದೇನೆ. ಒಮ್ಮೆ ಬಾಣಕ್ಕೂ ಹಾಕಿದೆ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ, ನಮ್ಮೂರಿನವರೂ ನಕ್ಕಿದ್ದರು.

ಎಪ್ಪತ್ತರ ದಶಕದ ಕೊನೆಯ ಮಾತು. ಪುರವರದ ಕಡೆಯ ನಮ್ಮೂರಿನಲ್ಲಿ ವಿಜಯದಶಮಿಯ ಸಂಜೆ ಬನ್ನಿ ಮರದ ನೆತ್ತಿಯ ಮೇಲಿಂದ ಒಂದು ಬಾಣ ಹಾರಬೇಕು. ಅದನ್ನು ಬಿಡುವ ಹಕ್ಕು ನಮ್ಮ ಮನೆಯದು. ಆ ವರ್ಷ ಮಾವನವರ ತೋಳು ಸೋತು, ಬಿಲ್ಲು ನನ್ನ ಯಜಮಾನರ ಕೈಗೆ ಬಂತು. ಸೀಮೆಸುಣ್ಣಕ್ಕಿಂತ ಉದ್ದದ ಆಯುಧ ಹಿಡಿದು ಗೊತ್ತಿಲ್ಲದ ಮೇಷ್ಟರ ಕೈ ಅದು. ಮಗ ಬಿಡುವ ಮೊದಲ ಬಾಣವನ್ನು ನೋಡಲು ಮಾವನವರಿಗೆ ಬಲು ಆಸೆ. ಆದರೆ ಎರಡೂ ಕಣ್ಣಿಗೆ ಪೊರೆ. ಮಧುಗಿರಿಯ ಡಾಕ್ಟರು, ಹಲಸಿನಕಾಯಿಯ ವಿಷಯ ಮಾತಾಡುವಂತೆ, "ಇನ್ನೂ ಮಾಗಬೇಕು" ಎಂದು ವಾಪಸು ಕಳಿಸಿದ್ದರು.

"ನಾನು ಬರಾಕಿಲ್ಲ ಕಣಮ್ಮ," ಅಂದುಬಿಟ್ಟರು ಮಾವ. "ಓದ್ ವರ್ಸ ನಾನೇ ಬುಟ್ಟ ಬಾಣ ನಂಗೇ ಕಾಣ್ಲಿಲ್ಲ. ಬಿಳೀ ಗರಿ, ಬಿಳೀ ಮೋಡ. ಜನ ಹೋ ಅಂದ್ರು, ನಾನೂ ಹೋ ಅಂದೆ. ಮಗನ ಬಾಣಕ್ಕೂ ಸುಳ್ಳು ಹೋ ಅನ್ನಾಕಾಗಾಕಿಲ್ಲ."

"ಕೆಂಪು ಕಾಣುತ್ತಾ ಮಾವ?"

"ಒಲೆ ಕೆಂಡ ಕಾಣ್ತದೆ. ನಿಮ್ಮತ್ತೆ ಕುಂಕ್ಮ ಕಾಣ್ತದೆ. ಯಾಕೆ?"

ಬಾಣ ಮಾಡಿಕೊಡುತ್ತಿದ್ದ ಓಬಳಪ್ಪನಿಗೆ ಹೇಳಿಕಳಿಸಿ, ಕಟ್ಟುವ ಮೊದಲೇ ಗರಿ ಕೊಡು, ಬಣ್ಣ ಹಾಕಬೇಕು ಎಂದೆ. ಬೇಟೆಯ ಮನೆತನದವನು, ಆಗ ರಾಗಿ ಬೆಳೆದುಕೊಂಡಿದ್ದ. ಬಿಳಿ ಹುಂಜದ ಮೂರು ರೆಕ್ಕೆಗರಿಗಳನ್ನು ನನ್ನ ಕೈಗಿಟ್ಟು, "ಬಾಣಕ್ಕೂ ಮ್ಯಾಚಿಂಗ್ ರವಿಕೆ ಹೊಲಿಸ್ತೀರೇನವ್ವಾ?" ಎಂದು ಕಣ್ಣು ಮಿಟುಕಿಸಿ ಹೋದ.

ಗರಿಗೆ ಬಣ್ಣ ಹಾಕುವುದನ್ನು ನನಗೆ ಕಲಿಸಿದ್ದು ನಾನು ಓದಿದ ಕಾನ್ವೆಂಟಿನ ಸಿಸ್ಟರು. ಕ್ರಿಸ್‌ಮಸ್ ನಾಟಕದಲ್ಲಿ ಕೂಸು ಯೇಸುವನ್ನು ನೋಡಲು ಬರುವ ಮೂವರು ರಾಜರ ಪೇಟಗಳಿಗೆ. ಕ್ರೇಪ್ ಕಾಗದವನ್ನು ಬಿಸಿನೀರಿನಲ್ಲಿ ನೆನೆಸಿದರೆ ಬಣ್ಣ ಬಿಡುತ್ತದೆ, ಹಿಡಿಯಲು ವಿನಿಗರ್ ಬೇಕು ಎಂದಿದ್ದರು. ನಮ್ಮ ಅಡುಗೆಮನೆಯಲ್ಲಿ ವಿನಿಗರ್ ಎಲ್ಲಿಂದ ಬರಬೇಕು? ಹುಳಿ ತಾನೇ ಎಂದು ಹುಣಸೆರಸ ಹಿಂಡಿದೆ. ಸೀಗೇಪುಡಿಯಲ್ಲಿ ತೊಳೆದ ಗರಿಗಳು ಮಳೆಯಲ್ಲಿ ಸಿಕ್ಕಿಬಿದ್ದ ಕೋಳಿಯ ಹಾಗೆ ಮುದುಡಿದ್ದವು. ಕೆಂಪು ಬಣ್ಣದಲ್ಲಿ ಅದ್ದಿ, ಮೊರದ ಮೇಲೆ ಒಣಗಿಸಿ, ಬುಡದಿಂದ ತುದಿಗೆ ಬೆರಳಲ್ಲಿ ಸವರಿದೆ. ಬಿಟ್ಟುಹೋದ ಎಳೆಗಳು ಒಂದನ್ನೊಂದು ಕೈಹಿಡಿದು ಮತ್ತೆ ಗರಿಯಾದವು! ಪುರಾಣದ ವೀರರ ಬಾಣಗಳಿಗೆ ಹದ್ದಿನ ಗರಿ ಇತ್ತಂತೆ. ಆ ಗರಿಯನ್ನು ತೊಳೆದು ಒಣಗಿಸಿದವರು ಯಾರೆಂದು ಯಾವ ಪುರಾಣಿಕರೂ ಹೇಳಿದ್ದನ್ನು ನಾನು ಕೇಳಿಲ್ಲ.

ಓಬಳಪ್ಪ ಬಾಣ ಕಟ್ಟಿ ತಂದ. ಮಾವನವರು ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಅತ್ತ ಇತ್ತ ಆಡಿಸಿ ನೋಡಿ, ಹೊರಡಲು ತಲೆಗೆ ಸುತ್ತುವ ರುಮಾಲು ಕೇಳಿದರು.

ಬನ್ನಿ ಮರದ ಹತ್ತಿರ ಅವರಿಗೊಂದು ಕುರ್ಚಿ. ಯಜಮಾನರು ಬೆವರುತ್ತಾ ಬಿಲ್ಲನ್ನು ಎಳೆದರು, ಎಳೆದೇ ಎಳೆದರು; ಗರಿ ಕೆನ್ನೆಗೆ ಒತ್ತಿತು. ನಾನು ಕಣ್ಣು ಮುಚ್ಚಿದೆ. ತೆರೆಯುವಷ್ಟರಲ್ಲಿ ಮಾವನವರು ಕುರ್ಚಿ ಬಿಟ್ಟು ಎದ್ದು ಕೈ ಚಾಚಿದ್ದರು. "ಹೋಯ್ತು! ಅಗೋ, ಕೆಂಪಗೆ ಹೋಯ್ತು ಕಣಮ್ಮ!" ಜನ ಹೋ ಎನ್ನುವುದಕ್ಕೂ ಮುಂಚೆ ಅವರೇ ಹೋ ಎಂದಿದ್ದರು.

ಆಮೇಲೆ ಜನರೆಲ್ಲ ಮೇಷ್ಟರ ಕಡೆ ತಿರುಗಿದರು. ಹುಣಸೆರಸಕ್ಕೆ ಬೆವರು ತಡೆಯುವ ಶಕ್ತಿ ಇರಲಿಲ್ಲ. ಬಲಗೆನ್ನೆಯಿಂದ ಕಿವಿಯವರೆಗೆ ಗುಲಾಲು ಬಳಿದಂತೆ ಕೆಂಪು.

"ಮೇಷ್ಟ್ರು ಇನ್ನೊಂದ್ ಸಲ ಮದ್ಮಗ ಆಗ್ಬುಟ್ರು ಕಣ್ಲಾ!" ಎಂದು ಓಬಳಪ್ಪ ಕೂಗಿದ. ಯಜಮಾನರು ಮನೆಗೆ ಬಂದು ಮೂರು ಸಲ ಸೋಪು ಹಾಕಿದರೂ ಶಾಲೆ ಶುರುವಾದ ದಿನ ಮಕ್ಕಳಿಗೆ ನಗಲು ಸ್ವಲ್ಪ ಉಳಿದಿತ್ತು.

ಮುಂದಿನ ವರ್ಷದ ಹೊತ್ತಿಗೆ ಮಾವನವರ ಆಪರೇಷನ್ ಆಗಿತ್ತು. ದಪ್ಪ ಕನ್ನಡಕದಲ್ಲಿ ಬೆಳ್ಳಕ್ಕಿಯೂ ಕಾಣುತ್ತಿತ್ತು. ಇನ್ನು ಬಿಳಿ ಗರಿಯೇ ಸಾಕಲ್ಲ ಎಂದೆ. "ಚೆ ಚೆ, ಬಣ್ಣ ಬಿಡಾಕುಂಟಾ?" ಅಂದರು. ನಾನೂ ಬುದ್ಧಿ ಕಲಿತು ಮಧುಗಿರಿಯಿಂದ ಗಟ್ಟಿ ಬಣ್ಣ ತರಿಸಿದೆ. ಕೆನ್ನೆಗೆ ಒಂದು ಚೂರೂ ಅಂಟಲಿಲ್ಲ. ಬಾಣ ಹಾರಿತು, ಆದರೆ ಜನ ಕದಲಲಿಲ್ಲ. ಏನೋ ಕಡಿಮೆಯಾಯಿತೆಂದು ಗುಸುಗುಸು. ಕೊನೆಗೆ ಪೂಜಾರಿ ತಟ್ಟೆಯ ಕುಂಕುಮ ತೆಗೆದು ಮೇಷ್ಟರ ಬಲಗೆನ್ನೆಗೆ ಬಳಿದ ಮೇಲೆ ಎಲ್ಲರಿಗೂ ಸಮಾಧಾನವಾಯಿತು.

ಕೆಲವು ವರ್ಷಗಳ ಮೇಲೆ ಬರಗೂರಿನಿಂದ ಬಂದ ನೆಂಟರೊಬ್ಬರು, ಕೆನ್ನೆಗೆ ಕುಂಕುಮ ಬಳಿಯುವುದು ಇದೇನು ಪದ್ಧತಿ ಎಂದು ಕೇಳಿದರು. ಮಾವನವರು ಎಲೆಯಡಿಕೆ ಮಡಿಸುತ್ತಾ, "ನಮ್ ತಾತನ ಕಾಲ್ದಿಂದ ನಡ್ಕಂಡ್ ಬಂದದೆ," ಎಂದು ಗಂಭೀರವಾಗಿ ಹೇಳಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನಾನು ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದೆ.

ಈಗಲೂ ಯಾರಾದರೂ ಯಾವುದೋ ಪದ್ಧತಿ ತೋರಿಸಿ ಇದು ಹಿರಿಯರ ಕಾಲದ್ದು ಎಂದರೆ ನಾನು ಕೈ ಮುಗಿಯುತ್ತೇನೆ. ಎಲ್ಲೋ ಹಿಂದೆ, ಯಾರಿಗೋ ಏನೋ ಕಾಣಲಿ ಎಂದು ಒದ್ದಾಡಿದ, ಬಣ್ಣ ನಿಲ್ಲಿಸಲು ಬಾರದ ಒಬ್ಬ ಸೊಸೆ ಇದ್ದಿರಬಹುದು.