ಪರೀಕ್ಷೆಯ ಕ್ಯಾಮೆರಾ ನನ್ನನ್ನು ಕಳ್ಳಿ ಎಂದಿತು

ಹೊಳೆನರಸೀಪುರದ ನರಸಿಂಹಸ್ವಾಮಿಯನ್ನು ನಂಬಿ ನಡೆಯುವ ಎಲ್ಲರಿಗೂ ಅರಕಲಗೂಡಿನ ಭಾಗ್ಯ ಮಾಡುವ ನಮಸ್ಕಾರ. ನನಗೆ ಬಂದ ಕಷ್ಟವನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಅದು ಪೂರ್ತಿ ಕಳೆಯಿತು ಎಂದು ಹೇಳಲಾರೆ. ಆದರೆ ಸ್ವಾಮಿ ನನ್ನ ಮಾತು ಕೇಳಿಸಿಕೊಂಡ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಕಳೆದ ವರ್ಷ ಯುಗಾದಿ ಮುಗಿದ ಮೇಲೆ ನಮ್ಮ ಯಜಮಾನರು ಹಾಸನದಲ್ಲಿ ಒಂದು ಕಟ್ಟಡಕ್ಕೆ ಬಣ್ಣ ಹೊಡೆಯುತ್ತಿದ್ದಾಗ ಮೇಲಿಂದ ಬಿದ್ದರು. ಬೆನ್ನುಮೂಳೆಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಆಸ್ಪತ್ರೆಯಿಂದ ಮನೆಗೆ ಬಂದವರು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಊಟಕ್ಕೆ ಕರೆದರೆ ಬಾಯಿ ತೆರೆಯುವರು, ಮಾತಿಗೆ ತೆರೆಯರು. ಮೊದಲು ಬಂದುಹೋಗುತ್ತಿದ್ದ ಗೆಳೆಯರೂ ಆ ಮೌನ ತಾಳಲಾರದೆ ಬರುವುದನ್ನು ನಿಲ್ಲಿಸಿದರು. ಮನೆಯಲ್ಲಿ ಇಬ್ಬರೇ. ಇಡೀ ದಿನ ನನ್ನ ದನಿಯನ್ನು ನಾನೇ ಕೇಳಿಕೊಳ್ಳುತ್ತಿದ್ದೆ.

ನಾನು ಬಿ.ಕಾಂ. ಓದಿದ್ದೇನೆ, ಟೈಪಿಂಗ್ ಬರುತ್ತದೆ. ಆಷಾಢದ ಹೊತ್ತಿಗೆ ಹಾಸನದ ಒಂದು ಖಾಸಗಿ ಆಸ್ಪತ್ರೆಯವರು ರೋಗಿಗಳ ದಾಖಲೆ ನೋಡಿಕೊಳ್ಳುವ ಕೆಲಸಕ್ಕೆ ಅರ್ಜಿ ಕರೆದರು. ಮೊದಲು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯಬೇಕು. ಮೇಲ್ವಿಚಾರಕರು ಯಾರೂ ಇರುವುದಿಲ್ಲ, ಕ್ಯಾಮೆರಾದ ಮೂಲಕ ಸಾಫ್ಟ್‌ವೇರೇ ಕಾಯುತ್ತದೆ ಎಂದರು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲ. ಪಕ್ಕದ ಮನೆಯ ಜಯಮ್ಮನಿಗೆ ಯಜಮಾನರನ್ನು ನೋಡಿಕೊಳ್ಳಲು ಹೇಳಿ ಹೊಳೆನರಸೀಪುರದ ನಮ್ಮಕ್ಕನ ಮನೆಗೆ ಹೋದೆ. ಲ್ಯಾಪ್‌ಟಾಪು ಭಾವನದು.

ಇಲ್ಲಿ ಒಂದು ವಿಷಯ ಹೇಳಬೇಕು. ನನಗೆ ಹುಟ್ಟಿನಿಂದಲೂ ಮೆಳ್ಳೆಗಣ್ಣು. ಬಲಗಣ್ಣು ನೆಟ್ಟಗಿದೆ. ಎಡಗಣ್ಣು, ಅದರಲ್ಲೂ ಮನಸ್ಸಿಟ್ಟು ಏನಾದರೂ ಓದುವಾಗ, ತನ್ನಷ್ಟಕ್ಕೆ ಹೊರಗೆ ಸರಿಯುತ್ತದೆ. ಶಾಲೆಯಲ್ಲಿ ಅದಕ್ಕಾಗಿ ಎಷ್ಟು ಅನ್ನಿಸಿಕೊಳ್ಳಬೇಕೋ ಅಷ್ಟು ಅನ್ನಿಸಿಕೊಂಡಿದ್ದೆ. ಮದುವೆಯಾದ ಮೇಲೆ ಅದನ್ನು ಮರೆತಿದ್ದೆ.

ಕೋಣೆಯ ಬಾಗಿಲು ಹಾಕಿ, ಕೇಳಿದ ಹಾಗೆ ನಾಲ್ಕು ಗೋಡೆಯನ್ನೂ ಕ್ಯಾಮೆರಾಕ್ಕೆ ತೋರಿಸಿ ಕೂತೆ. ಟೈಪಿಂಗ್ ಭಾಗ ಚೆನ್ನಾಗಿ ಆಯಿತು. ಲೆಕ್ಕದ ಪ್ರಶ್ನೆ ಓದುತ್ತಿದ್ದಾಗ ಪರದೆಯ ಮೇಲೆ ಕೆಂಪಕ್ಷರ ಬಂತು: ಬೇರೆ ಕಡೆ ನೋಡಬೇಡಿ. ನಾನು ಬೇರೆ ಕಡೆ ನೋಡಿರಲಿಲ್ಲ. ಗಾಬರಿಯಿಂದ ಇನ್ನೂ ಗಟ್ಟಿಯಾಗಿ ದಿಟ್ಟಿಸಿದೆ. ದಿಟ್ಟಿಸಿದಷ್ಟೂ ಎಚ್ಚರಿಕೆ ಬಂತು. ಮುಂದಿನ ಪ್ರಶ್ನೆಗೆ ಹೋಗುವಷ್ಟರಲ್ಲಿ ಪರೀಕ್ಷೆ ತಾನಾಗಿಯೇ ಮುಚ್ಚಿಕೊಂಡಿತು. ಸಂಜೆ ಮೇಲ್ ಬಂತು. ಅಭ್ಯರ್ಥಿ ಪದೇ ಪದೇ ಪರದೆಯ ಹೊರಗೆ ನೋಡಿ ಅಕ್ರಮವಾಗಿ ಉತ್ತರ ಪಡೆಯಲು ಯತ್ನಿಸಿದ್ದಾರೆ, ಇನ್ನು ಮುಂದೆ ನಮ್ಮ ಯಾವ ಪರೀಕ್ಷೆಗೂ ಕೂರುವಂತಿಲ್ಲ.

ಭಾವ ಅದನ್ನು ಓದಿ, "ಏನಮ್ಮಾ ಭಾಗ್ಯ, ನಮ್ತಾವ ಯೋಳಾಕೇನಂತೆ. ಫೋನ್ ಏನಾರ ಮಡಿಕ್ಕಂಡಿದ್ದಾ ಪಕ್ಕದಲ್ಲಿ?" ಎಂದರು.

"ಇಲ್ಲ ಭಾವ, ನನ್ ಕಣ್ಣೇ ಅಂಗೆ" ಎಂದೆ.

ಅವರು ಲ್ಯಾಪ್‌ಟಾಪು ಮುಚ್ಚಿ ಎತ್ತಿಟ್ಟರು. ನಂಬಿದರೆಂದು ಅನ್ನಿಸಲಿಲ್ಲ.

ಮನೆಗೆ ಬಂದು ಯಜಮಾನರಿಗೆ ನಡೆದದ್ದೆಲ್ಲ ಹೇಳಿದೆ. ಅವರು ಗೋಡೆ ಕಡೆಯಿಂದ ಕತ್ತು ಹೊರಳಿಸಿದರು. ಎಷ್ಟೋ ವಾರಗಳ ಮೇಲೆ ಅವರು ಆಡಿದ ಮೊದಲ ಮಾತು ಇದು: "ಏನಾರ ನೋಡ್ಕಂಡು ಬರದ್ಯೇನೆ?"

ಅವರ ಬಾಯಿಂದ ಒಂದು ಮಾತು ಬರಲೆಂದು ನಾನು ಹರಕೆ ಹೊತ್ತಿದ್ದೆ. ಬಂದದ್ದು ಆ ಮಾತು. ಎದ್ದು ಅಡುಗೆಮನೆಗೆ ಹೋದೆ. ಅಳುವುದಕ್ಕೂ ಶಕ್ತಿ ಇರಲಿಲ್ಲ.

ಮಾರನೆಯ ದಿನ ಬಸ್ಸು ಹತ್ತಿ ಹಾಸನಕ್ಕೆ ಹೋಗಿ ಆಸ್ಪತ್ರೆಯ ಕಚೇರಿಯಲ್ಲಿ ಕೇಳಿದೆ. ಅಲ್ಲಿದ್ದ ಹುಡುಗಿ ನನ್ನ ಮುಖ ನೋಡಿದಳು, ಎಡಗಣ್ಣು ಕಂಡ ಕೂಡಲೇ ದೃಷ್ಟಿ ಬೇರೆಡೆಗೆ ತಿರುಗಿಸಿದಳು. "ಅದು ಸಿಸ್ಟಮ್ಮೇ ಮಾಡಿರೋದು ಮೇಡಂ. ನಮ್ಮ ಕೈಲಿ ಏನಿಲ್ಲ" ಎಂದಳು. ಯಾರನ್ನು ಕೇಳಬೇಕು ಎಂದರೆ, ಮೇಲ್ ಮಾಡಿ ಎಂದಳು. ಮೇಲ್ ಆಗಲೇ ಮಾಡಿದ್ದೆ. ಅದಕ್ಕೆ ಉತ್ತರ ಕೊಟ್ಟದ್ದೂ ಯಂತ್ರವೇ.

ಮನೆಗೆ ಹೋಗಲು ಮನಸ್ಸಾಗದೆ ಹೊಳೆನರಸೀಪುರದ ಬಸ್ಸು ಹತ್ತಿದೆ. ದೇವಸ್ಥಾನಕ್ಕೆ ಹೋಗುವ ಹೊತ್ತಿಗೆ ಮಧ್ಯಾಹ್ನದ ಬಾಗಿಲು ಹಾಕಿದ್ದರು. ಹೊರಗಿನ ಕಲ್ಲುಹಾಸಿನ ಮೇಲೆ ಕೂತೆ. ಸ್ವಾಮಿಯ ಮುಖವೂ ಕಾಣಲಿಲ್ಲ. ಕೆಲಸ ಕೊಡು ಎಂದು ನಾನು ಕೇಳಲಿಲ್ಲ. ಯಜಮಾನರನ್ನು ಎಬ್ಬಿಸಿ ನಡೆಸು ಎಂದು ಅಷ್ಟು ದಿನ ಕೇಳಿ ಕೇಳಿ ಸೋತಿದ್ದೆ, ಅದನ್ನೂ ಕೇಳಲಿಲ್ಲ. ನಾನು ಕಳ್ಳಿಯಲ್ಲ ಎಂದು ಲೋಕದಲ್ಲಿ ಒಬ್ಬರಿಗಾದರೂ ಗೊತ್ತಾಗುವಂತೆ ಮಾಡಪ್ಪ, ಒಬ್ಬರೇ ಸಾಕು, ಎಂದು ಬೇಡಿಕೊಂಡೆ.

ಆಮೇಲೆ ಏನೂ ಆಗಲಿಲ್ಲ. ಹೊಟ್ಟೆಪಾಡಿಗೆ ಶುಂಠಿ ತೊಳೆಯುವ ಕಡೆ ಕೂಲಿಗೆ ಸೇರಿದೆ. ಕೈಯೆಲ್ಲ ಒಡೆದು ಅನ್ನ ಕಲಸಿದರೆ ಉರಿಯುತ್ತಿತ್ತು. ಗೌರಿಹಬ್ಬ ಬಂತು, ಹೋಯಿತು. ಬಾಗಿಲಿಗೆ ಮಾವಿನೆಲೆ ಕಟ್ಟಲಿಲ್ಲ. ಸ್ವಾಮಿಯ ಪಟಕ್ಕೆ ದೀಪವೇನೋ ಹಚ್ಚುತ್ತಿದ್ದೆ. ಅದು ಭಕ್ತಿಯೋ ಅಭ್ಯಾಸವೋ ನನಗೇ ತಿಳಿಯದು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಯಜಮಾನರು ತಮ್ಮ ಫೋನನ್ನು ಮುಖದ ಹತ್ತಿರ ಹಿಡಿಯುವುದು, ದೂರ ಹಿಡಿಯುವುದು ಮಾಡುತ್ತಿದ್ದರು. ಮುಖ ನೋಡಿ ತೆರೆದುಕೊಳ್ಳುವ ಫೋನು ಅದು. ಬಿದ್ದ ಮೇಲೆ ಅದನ್ನು ಅವರು ಮುಟ್ಟಿರಲಿಲ್ಲ. ಈಗ ಕೆನ್ನೆ ಒಳಸೇರಿದೆ, ಗಡ್ಡ ಮುಖ ಮುಚ್ಚಿದೆ. ಫೋನು ಮತ್ತೆ ಮತ್ತೆ ಗುರುತು ಸಿಗಲಿಲ್ಲ ಎನ್ನುತ್ತಿತ್ತು.

"ಇದು ನನ್ನೇ ಯಾರು ಅಂತೈತಲ್ಲೇ" ಎಂದರು.

ನಾನು ಗಂಜಿ ಆರಿಸುತ್ತಾ ಕೂತಿದ್ದೆ. ಅವರು ಫೋನನ್ನು ಎದೆಯ ಮೇಲಿಟ್ಟು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು.

"ಅವತ್ತು ನಿಂಗೂ ಇಂಗೇ ಮಾಡ್ತಾ?"

"ಅದ್ನೇ ಅಲ್ವ್ರಾ ನಾನು ಯೋಳಿದ್ದು."

"ಅಲ್ಲಿ ಬಿದ್ದಿರೋ ನ್ಯೂಸ್‌ಪೇಪರ್ ತಗಂಡು ಇಲ್ಲಿ ಕೂತ್ಕ. ಅವತ್ತು ಎಂಗೆ ಓದ್ತಿದ್ದೋ ಅಂಗೇ ಓದು."

ನಂಬರು ಒತ್ತಿ ಫೋನು ತೆರೆದು, ನಾನು ಪೇಪರು ಓದುವುದನ್ನು ವಿಡಿಯೋ ಮಾಡಿದರು. ಅದನ್ನು ಹಾಕಿ ಹಾಕಿ ನೋಡಿದರು. ನನಗೂ ತೋರಿಸಿದರು. ಬಲಗಣ್ಣು ಅಕ್ಷರದ ಮೇಲಿಂದ ಕದಲುವುದಿಲ್ಲ, ಎಡಗಣ್ಣು ಬಾಗಿಲ ಕಡೆ ಹೋಗಿ ನಿಂತಿದೆ. ನನ್ನ ಮುಖವನ್ನು ನಾನು ಹಾಗೆ ಎಂದೂ ನೋಡಿರಲಿಲ್ಲ.

ಅವರ ಕಣ್ಣಲ್ಲಿ ನೀರು ಬಂತು. "ನಾನೂ ಆ ಮಿಸಿನ್ನೂ ಒಂದೇ ಆಗೋದ್ವಿ ಕಣೇ. ಅದುಕ್ಕಾದ್ರೆ ನೀನ್ಯಾರು ಅಂತ ಗೊತ್ತಿಲ್ಲ, ನಂಗೆ ಗೊತ್ತಿತ್ತಲ್ಲ" ಎಂದರು.

ಸೋಮವಾರದಿಂದ ಅವರು ಮಲಗಿದಲ್ಲಿಂದಲೇ ಆಸ್ಪತ್ರೆಗೆ ಫೋನು ಮಾಡತೊಡಗಿದರು. ಹೆಂಡತಿಯ ಜೊತೆಗೂ ಮಾತು ಬಿಟ್ಟಿದ್ದವರು ಕಂಡು ಕೇಳರಿಯದವರ ಜೊತೆ ಮಾತಾಡಿದರು. ಒಬ್ಬರು ಇನ್ನೊಬ್ಬರಿಗೆ ಕೊಡುವರು, ಅವರು ನಡುವೆಯೇ ಕತ್ತರಿಸುವರು, ಇವರು ಮತ್ತೆ ಮಾಡುವರು. ಕೊನೆಗೆ ಸಿಬ್ಬಂದಿ ವಿಭಾಗದ ಹಿರಿಯ ಮೇಡಂ ಒಬ್ಬರು ಸಿಕ್ಕರು. ಇವರು ಹೇಳಿದ್ದು ಇಷ್ಟೇ: "ಮೇಡಂ, ನಾನು ಭಾಗ್ಯನ ಗಂಡ. ನಮ್ಮನೆಯವ್ರು ಕಳ್ಳತನ ಮಾಡೋರಲ್ಲ. ಕೆಲ್ಸ ಕೊಡ್ದಿದ್ರೂ ಸರಿ, ಅವತ್ತಿನ ವಿಡಿಯೋನ ಮನುಷ್ಯರು ಯಾರಾನ ಒಬ್ರು ನೋಡಿ."

ತಾವು ಮಾಡಿದ ವಿಡಿಯೋವನ್ನೂ ಕಳಿಸಿದರು. ದೀಪಾವಳಿ ಹತ್ತಿರ ಬಂದಾಗ ಆ ಮೇಡಂ ನನಗೇ ಫೋನು ಮಾಡಿದರು. ಯಂತ್ರ ತಪ್ಪೆಂದು ಗುರುತು ಹಾಕಿದ್ದನ್ನು ಅಲ್ಲಿಯವರೆಗೆ ಯಾರೂ ತೆರೆದೇ ನೋಡಿರಲಿಲ್ಲವಂತೆ. "ನಿಮ್ಮ ಬಲಗಣ್ಣು ಪರದೆ ಬಿಟ್ಟು ಎಲ್ಲೂ ಹೋಗಿಲ್ಲಮ್ಮ. ನಾನೇ ಕೂತು ನೋಡಿದೆ" ಎಂದರು. ಶುಂಠಿ ತೊಟ್ಟಿಯ ಪಕ್ಕ ಒದ್ದೆ ಕೈಯಲ್ಲಿ ಫೋನು ಹಿಡಿದು ಆ ಮಾತು ಕೇಳಿದೆ.

ಹಾಸನಕ್ಕೆ ಕರೆಸಿ ಅವರ ಎದುರಿಗೇ ಪರೀಕ್ಷೆ ಬರೆಸಿದರು. ಪಾಸಾದೆ. ಆದರೆ ಅಷ್ಟರಲ್ಲಿ ಹಾಸನದ ಜಾಗ ಬೇರೆಯವರಿಗೆ ಹೋಗಿತ್ತು. ಚನ್ನರಾಯಪಟ್ಟಣದ ಅವರ ಶಾಖೆಯಲ್ಲಿ ಸದ್ಯಕ್ಕೆ ಎಂದು ಕೆಲಸ ಕೊಟ್ಟರು. ಅರಕಲಗೂಡಿನಿಂದ ಹೊಳೆನರಸೀಪುರ, ಅಲ್ಲಿಂದ ಇನ್ನೊಂದು ಬಸ್ಸು. ಮನೆ ಸೇರುವಾಗ ಕತ್ತಲಾಗಿರುತ್ತದೆ. ಹಗಲೆಲ್ಲ ಯಜಮಾನರನ್ನು ಜಯಮ್ಮನೇ ನೋಡಿಕೊಳ್ಳುತ್ತಾಳೆ. ಅವರು ಎದ್ದು ನಡೆಯುವ ಭರವಸೆಯನ್ನು ಯಾವ ಡಾಕ್ಟರೂ ಕೊಟ್ಟಿಲ್ಲ. ನನ್ನ ಹಾಗೆಯೇ ಕಳ್ಳರೆನಿಸಿಕೊಂಡು, ಕೇಳುವವರಿಲ್ಲದೆ ಸುಮ್ಮನಾದವರು ಎಷ್ಟು ಜನರೋ. ಬಸ್ಸಿನಲ್ಲಿ ಕೂತಾಗ ಅವರ ನೆನಪಾಗುತ್ತದೆ, ಅವರ ಪರವಾಗಿಯೂ ಸ್ವಾಮಿಯನ್ನು ಬೇಡಿಕೊಳ್ಳುತ್ತೇನೆ.

ಒಬ್ಬರಿಗಾದರೂ ಗೊತ್ತಾಗಲಿ ಎಂದು ಕೇಳಿದ್ದೆ. ಆ ಒಬ್ಬರನ್ನು ಸ್ವಾಮಿ ನನ್ನ ಮನೆಯೊಳಗೇ ಎಬ್ಬಿಸಿದ. ಅವತ್ತು ನಾನು ಕೇಳದೆ ಬಿಟ್ಟಿದ್ದ ಅವರ ಮಾತನ್ನೂ ಮರಳಿ ಕೊಟ್ಟ. ಮುಚ್ಚಿದ ಬಾಗಿಲ ಹೊರಗೆ ಕೂತು ಬೇಡಿದ್ದೂ ಒಳಗೆ ಕೇಳಿಸುತ್ತದೆ ಎಂದು ಈಗ ನಂಬಿದ್ದೇನೆ. ಕಷ್ಟದಲ್ಲಿರುವವರು ನಂಬಿಕೆ ಕೈಬಿಡಬೇಡಿ.

ಹೋದ ಶನಿವಾರ ಯಜಮಾನರು ತಾವಾಗಿ ದೇವಸ್ಥಾನಕ್ಕೆ ಹೊರಟರು. ಭಾವ ಮತ್ತು ಭಾವನ ಗೆಳೆಯರು ಆಟೋದಿಂದ ಇಳಿಸಿ ಕುರ್ಚಿಯಲ್ಲಿ ಕೂರಿಸಿ ಒಳಗೆ ಹೊತ್ತು ತಂದರು. ಅರ್ಚನೆ ಯಾರ ಹೆಸರಿಗೆ ಎಂದು ಅರ್ಚಕರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು, "ಮೊದ್ಲು ಭಾಗ್ಯ ಅಂತ ಮಾಡಿ ಸ್ವಾಮಿ. ಆಮೇಕೆ ನಂದು" ಎಂದರು. ಅರ್ಚಕರು ನನ್ನ ನಕ್ಷತ್ರ ಕೇಳಿದರು. ಅದೂ ಅವರಿಗೆ ಗೊತ್ತಿತ್ತು.