ಶುಕ್ರವಾರದ ಬಿಡುಗಡೆ

ಮೊನ್ನೆ ಮೊಮ್ಮಗಳು ಸುರುಳಿ ಸುತ್ತಿದ ಪೋಸ್ಟರೊಂದನ್ನು ತಂದು ನನ್ನ ಮಂಚದ ಮೇಲೆ ಬಿಚ್ಚಿದಳು. ಹಸಿ ಮಸಿಯ ವಾಸನೆ ಇನ್ನೂ ಹೋಗಿರಲಿಲ್ಲ. ಜೈಲಿನ ಕಥೆಯ ಸಿನಿಮಾ. ಅದರಲ್ಲಿ ಕೈದಿಯ ಮಗಳು ನಮ್ಮ ಹುಡುಗಿಯೇ! ಮೂಲೆಯಲ್ಲಿ ಅವಳ ಮುಖ ಹೆಬ್ಬೆರಳಿನಷ್ಟು ಇದೆ, ಇರಲಿ, ಇದೆಯಲ್ಲ. ಹಾಲಿನವನಿಗೆ ತೋರಿಸಿದೆ, ಕಸದ ಗಾಡಿಯವಳಿಗೆ ತೋರಿಸಿದೆ, ಎದುರು ಮನೆಯವರನ್ನು ಊಟದ ಮಧ್ಯೆ ಎಬ್ಬಿಸಿಕೊಂಡು ಬಂದು ತೋರಿಸಿದೆ. ಆಮೇಲೆ ಕನ್ನಡಕ ಹಾಕಿಕೊಂಡು ಕೆಳಗಿನ ಸಾಲನ್ನು ಅಕ್ಷರ ಕೂಡಿಸಿ ಓದಿದೆ. ಈ ಶುಕ್ರವಾರ ಬಿಡುಗಡೆ. ಅಷ್ಟು ಹೊತ್ತು ಕುಣಿಯುತ್ತಿದ್ದವಳು ಅಲ್ಲೇ ಕೂತುಬಿಟ್ಟೆ. ಆ ಹಾಳು ಮಾತು... ನನ್ನ ಪಕ್ಕದ ಮನೆಯವಳನ್ನು ನನ್ನಿಂದ ಕಿತ್ತುಕೊಂಡ ಮಾತು ಅದು.

ಆಗ ನಾವು ಅಮೃತಹಳ್ಳಿಯ ಒಂದು ವಠಾರದಲ್ಲಿದ್ದೆವು. ನಮ್ಮಂಥವರ ಕೈಗೆ ಇನ್ನೂ ಮೊಬೈಲು ಬಂದಿರಲಿಲ್ಲ. ಪಕ್ಕದ ಮನೆಗೆ ಉತ್ತರ ಕರ್ನಾಟಕದ ಕಡೆಯವಳೊಬ್ಬಳು ಬಂದಳು, ಒಬ್ಬಳೇ. ಯಜಮಾನರು ಎಲ್ಲಿ ಎಂದರೆ ಮುಚ್ಚುಮರೆ ಮಾಡಲಿಲ್ಲ.

"ಜೈಲಿನ್ಯಾಗ ಅದಾರ್ರೀ ಅಕ್ಕಾರ. ಫ್ಯಾಕ್ಟರಿ ಗೇಟಿನ ಮುಂದ ಜಗಳ ಆತು. ಹೊಡದಾವ್ರು ಓಡಿಹೋದ್ರು, ಬಿಡಸಾಕ ಹೋದಾವ್ರು ಸಿಕ್ಕಿಬಿದ್ರು."

ವಠಾರದ ಉಳಿದವರು ಅವಳ ಬಾಗಿಲ ಮುಂದೆ ತಲೆ ತಗ್ಗಿಸಿ ಓಡಾಡಿದರು. ನನಗೆ ಅವಳು ಸೇರಿದಳು. ನಾನು ಮುದ್ದೆ ಕೊಟ್ಟರೆ, "ಇದನ್ನ ಅಗಿಯೂದ ಬ್ಯಾಡೇನ್ರಿ? ನುಂಗೂದಂದ್ರ ಇದೇನ ಗುಳಿಗಿ ಏನ್ರಿ?" ಎಂದು ನಗುತ್ತಿದ್ದಳು. ಅವಳ ಜೋಳದ ರೊಟ್ಟಿ ಮುರಿಯುತ್ತ ನಾನು, "ಹಲ್ಲು ಗಟ್ಟಿ ಇರೋವಾಗ್ಲೇ ನಿನ್ ಸ್ನೇಹ ಮಾಡಿದ್ದು ಒಳ್ಳೇದಾಯ್ತು ಕಣಮ್ಮ" ಎನ್ನುತ್ತಿದ್ದೆ. ಗಂಡನನ್ನು ನೋಡಿ ಬಂದ ದಿನ ಮಾತ್ರ ರೊಟ್ಟಿ ತಟ್ಟುವ ಸದ್ದು ಕೇಳುತ್ತಿರಲಿಲ್ಲ. ನಾನೇ ತಟ್ಟೆ ಹಿಡಿದು ಹೋಗುತ್ತಿದ್ದೆ.

ಅವಳಿಗೆ ಒಂದೇ ಹಟ. ಅವನು ಹೊರಗೆ ಬರುವ ದಿನ ಜೈಲಿನ ಬಾಗಿಲಲ್ಲಿ ತಾನು ನಿಂತಿರಬೇಕು. ಇಸ್ತ್ರಿ ಮಾಡಿದ ಅಂಗಿಯೊಂದನ್ನು ಚೀಲದಲ್ಲಿಟ್ಟು ಮೊಳೆಗೆ ನೇತುಹಾಕಿದ್ದಳು. "ಹೊರಗ ಬಂದಾಗ ಯಾರರ ನಿಂತಿರಬೇಕ್ರಿ. ಇಲ್ಲಾಂದ್ರ ಅದೇನ್ ಬಿಡುಗಡಿ? ಈ ಗ್ವಾಡಿ ಬಿಟ್ಟು ಆ ಗ್ವಾಡಿಗೆ ಬಂದಾಂಗ ಆತು, ಅಷ್ಟ." ಊರಿಗೆ ಹೋಗಿ ಅತ್ತೆಯ ಮನೆಯಲ್ಲಿ ಇರು ಎಂದು ಎಷ್ಟು ಜನ ಹೇಳಿದರೂ ಕೇಳದೆ ಇಲ್ಲೇ ಉಳಿದದ್ದು ಅದಕ್ಕೇ.

ವಠಾರಕ್ಕೆಲ್ಲ ಫೋನು ಎಂದರೆ ಮೂಲೆಯ ಅಂಗಡಿಯದು. ವಕೀಲರ ಗುಮಾಸ್ತನ ಹತ್ತಿರ ಆ ನಂಬರು ಇತ್ತು. ಅವಳು ಗಂಡನಿಗೂ ಅದನ್ನೇ ಬಾಯಿಪಾಠ ಮಾಡಿಸಿದ್ದಳು, ಅವನು ನಮ್ಮ ವಠಾರ ಕಂಡವನಲ್ಲವಲ್ಲ. ಅದೇ ಅಂಗಡಿಯವರು ಯಲಹಂಕದ ಟಾಕೀಸಿನ ಪೋಸ್ಟರ್ ಹಲಗೆಯನ್ನು ಮುಂದೆ ಒರಗಿಸಿಕೊಳ್ಳುತ್ತಿದ್ದರು. ಅದಕ್ಕೆ ಪ್ರತಿಯಾಗಿ ಟಾಕೀಸಿನವರು ಪುಕ್ಕಟೆ ಪಾಸು ಕೊಡುತ್ತಿದ್ದರು, ಹೊಸ ಸಿನಿಮಾ ಬರುವ ಹಿಂದಿನ ದಿನ ಫೋನೂ ಮಾಡುತ್ತಿದ್ದರು.

ಒಂದು ಗುರುವಾರ ಗುಮಾಸ್ತ ಫೋನ್ ಮಾಡಿದ. ಅಂಗಡಿಯಲ್ಲಿ ಜನವೋ ಜನ. ಆ ಕಡೆಯಿಂದ, "ನಾಳೆ ಬಿಡುಗಡೆ. ಅಲ್ಲಿ ಹೇಳ್ಬಿಡಿ." ಟಾಕೀಸಿನವರೇ ಎಂದುಕೊಂಡು ಈ ಕಡೆಯಿಂದ ಅಂಗಡಿಯವರು, "ಗೊತ್ತು ಗೊತ್ತು, ಎಲ್ರಿಗೂ ಹೇಳಿದ್ದೀನಿ, ನಾನೇನ್ ಹೊಸಬನಾ?" ಎಂದು ಇಟ್ಟುಬಿಟ್ಟರು. ಗುಮಾಸ್ತನಿಗೂ ಸಮಾಧಾನ, ಇವರಿಗೂ ಸಮಾಧಾನ. ಒಂದು ಹೆಸರು ಹೇಳಬಾರದಿತ್ತೇ ಅವನು? ಯಾರಪ್ಪಾ ನೀನು ಎಂದು ಕೇಳಬಾರದಿತ್ತೇ ಇವರು? ಸಿನಿಮಾಕ್ಕೂ ಮನುಷ್ಯನಿಗೂ ಒಂದೇ ಮಾತು ಇಟ್ಟುಕೊಂಡಿದ್ದೇವಲ್ಲ, ಯಾರನ್ನು ಬಯ್ಯಲಿ?

ಇದೊಂದೂ ಆಗ ನಮಗೆ ಗೊತ್ತಿಲ್ಲ. ಶುಕ್ರವಾರ ಅಂಗಡಿಯವರು ಎರಡು ಪಾಸು ಕೊಟ್ಟರು. "ಹೋಗ್ಬನ್ರಮ್ಮ, ಪಾಪ, ಆ ವಮ್ಮನೂ ವಸಿ ನಗಲಿ." ಅವಳು ಒಲ್ಲೆ ಎಂದಳು. ನಾನು ಎಳೆದುಕೊಂಡು ಹೋದೆ.

ಒಳಗೆ ಹೋಗಿ ನೋಡಿದರೆ ಅದೂ ಜೈಲಿನ ಸಿನಿಮಾ! ಎದ್ದು ಬರೋಣ ಎಂದೆ. ಅವಳು ನನ್ನ ಕೈ ಹಿಡಿದು ಕೂರಿಸಿದಳು. ಇಬ್ಬರು ಕೈದಿಗಳು, ಹೊರಗಿದ್ದಿದ್ದರೆ ಒಬ್ಬರ ಮುಖ ಒಬ್ಬರು ನೋಡದವರು, ಒಳಗೆ ಒಂದೇ ಕಂಬಳಿಯಲ್ಲಿ ಚಳಿ ಕಳೆಯುತ್ತಾರೆ. ಮೊದಲು ಹೊರಬಂದವನು ಇನ್ನೊಬ್ಬನಿಗಾಗಿ ಬಿಸಿಲಲ್ಲಿ ಕಾದು ನಿಂತಿರುತ್ತಾನೆ. ದೊಡ್ಡ ಬಾಗಿಲಿನೊಳಗಿನ ಚಿಕ್ಕ ಬಾಗಿಲು ತೆರೆಯಿತು ನೋಡಿ, ಟಾಕೀಸಿಗೆ ಟಾಕೀಸೇ ಸಿಳ್ಳೆ. ಅವಳು ಅಳುತ್ತ ನಗುತ್ತ ಚಪ್ಪಾಳೆ ತಟ್ಟಿದಳು. "ನಿಂತಾನ ನೋಡ್ರಿ ಅಕ್ಕಾರ, ನಿಂತಾನ!" ಬಸ್ಸಿನಲ್ಲಿ ಬರುವಾಗ ಅವಳ ಮುಖ ಬೆಳಗುತ್ತಿತ್ತು.

ಅಂಗಡಿಯವರು ದೂರದಿಂದಲೇ ಕೂಗಿದರು. "ಪಿಚ್ಚರ್ ಹೆಂಗಿತ್ರಮ್ಮ? ನಿಮ್ ಕಡೆಯೋರ್ ಯಾರೋ ಫೋನ್ ಮಾಡಿದ್ರು. ನಿಮ್ಮನ್ನ ಕರೀರಿ ಅಂದ್ರು. ಸಿನಿಮಾಕ್ಕೆ ಹೋಗವ್ರೆ ಅಂದೆ. 'ಹಂಗಾದ್ರ ನಾ ಊರಿಗೆ ಹೊಂಟೀನಿ ಅಂತ ಹೇಳ್ರಿ' ಅಂದ್ಬುಟ್ಟು ಇಟ್ಬುಟ್ರು."

"ನಮ್ಮನಿಯವ್ರ ರೀ ಅವ್ರು!" ಎಂದಳು ಅವಳು. ಅಂಗಡಿಯವರು ಅವಳ ಮುಖ ನೋಡಿದರು, ತಮ್ಮ ಪೋಸ್ಟರ್ ಹಲಗೆ ನೋಡಿದರು, ಹಿಂದಿನ ದಿನದ ಫೋನು ಆಗ ನೆನಪಾಗಿ ತಲೆ ತಲೆ ಚಚ್ಚಿಕೊಂಡರು. ಅವಳು ಓಡಿಹೋಗಿ ಮೊಳೆಯಿಂದ ಅಂಗಿಯ ಚೀಲ ಕಿತ್ತು ತಂದಳು.

ಅವನು ಊರಿನ ರೈಲು ಹತ್ತುವ ಮುಂಚೆ ಹಿಡಿಯೋಣವೆಂದು ಆಟೋ ಹತ್ತಿದೆವು. ಹೆಬ್ಬಾಳದಲ್ಲಿ ರಸ್ತೆ ಅಗೆದುಹಾಕಿದ್ದರು. "ಬೇಗ ಹೋಗಪ್ಪ" ಎಂದರೆ, "ಹಾರ್ಕೊಂಡ್ ಹೋಗ್ಲಾ ಅಜ್ಜಿ?" ಎಂದ ಆಟೋದವನು. ಆಗ ನಾನಿನ್ನೂ ಅಜ್ಜಿ ಆಗಿರಲಿಲ್ಲ. ಯಶವಂತಪುರ ಮುಟ್ಟುವಷ್ಟರಲ್ಲಿ ಆ ಕಡೆಯ ರೈಲು ಹೊರಟುಹೋಗಿತ್ತು.

ಮುಂದಿನ ರೈಲಿಗೆ ಅವಳು ಉಟ್ಟ ಸೀರೆಯಲ್ಲೇ ಹತ್ತಿದಳು. ಕಿಟಕಿಯಲ್ಲಿ ನನ್ನ ಕೈ ಬಿಡಲೇ ಇಲ್ಲ. "ನಾ ಹೇಳಿದ್ರ ನಂಬೂದಿಲ್ರಿ ಅವ್ರು. ಫೋನಿನ್ಯಾಗ ಸಿನಿಮಾ ಅಂತ ಕೇಳ್ಯಾರ. ನಾ ಮರತಿರಲಿಲ್ಲ ಅನ್ನಾಕ ನೀವ ಸಾಕ್ಷಿ ಅಕ್ಕಾರ."

"ಹೇಳ್ತೀನಿ ತಾಯಿ, ಇಬ್ರೂ ಬನ್ನಿ, ಎದುರಿಗೇ ಕೂರಿಸ್ಕೊಂಡ್ ಹೇಳ್ತೀನಿ" ಎಂದೆ. ರೈಲು ಹೋಯಿತು.

ಅವರು ಬರಲಿಲ್ಲ. ಕೆಲವು ದಿನಗಳಾದ ಮೇಲೆ ಅವಳ ಮೈದುನ ಬಂದು ಪಾತ್ರೆಪಗಡ ಕಟ್ಟಿದ. "ಇಬ್ರೂ ಒಟ್ಟಿಗೇ ಇದ್ದಾರೇನಪ್ಪ?" ಎಂದು ಕೇಳಿದೆ. "ಅದಾರ್ರೀ" ಎಂದ. ಒಟ್ಟಿಗೋ, ಬೇರೆಬೇರೆಯೋ... ಹಗ್ಗ ಬಿಗಿಯುತ್ತ ತಲೆ ಎತ್ತಲಿಲ್ಲ. ಅವಳ ಊರಿನ ಹೆಸರೂ ಈಗ ನನ್ನ ಬಾಯಿಂದ ಜಾರಿದೆ. ಆ ವಠಾರದ ಜಾಗದಲ್ಲಿ ನಾಲ್ಕು ಮಹಡಿ ಎದ್ದಿದೆ.

ಶುಕ್ರವಾರ ನಮ್ಮ ಬೀದಿಗೆ ಬೀದಿಯೇ ಸಿನಿಮಾಕ್ಕೆ ಹೊರಟಿದೆ. ನಾನೂ ಹೋಗುತ್ತೇನೆ, ಮೊಮ್ಮಗಳು ಬಂದಾಗ ನಾನೇ ಮೊದಲು ಕೂಗುತ್ತೇನೆ. ಆದರೆ ಸಾಕ್ಷಿ ಹೇಳುವೆನೆಂದು ಒಪ್ಪಿಕೊಂಡ ಮಾತು ಹಾಗೇ ಉಳಿದಿದೆ. ಯಾರಿಗೆ ಹೇಳಲಿ? ಅವಳ ಗಂಡ ಎದುರಿಗೆ ಬಂದು ನಿಂತರೂ ನನಗೆ ಗುರುತು ಸಿಗುವುದಿಲ್ಲ. ಅವನ ಮುಖವನ್ನು ನಾನು ಒಂದು ಸಲವೂ ನೋಡಿಲ್ಲ.